ಕೊಡಲಾಗದ್ದು, ಕೊಡಲೊಲ್ಲದ್ದು

(ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸವೊಂದರ ಬರಹ ರೂಪ ಇದು. ಸಭೆಯಲ್ಲಿ ಕಾನೂನು ವಿದ್ಯಾರ್ಥಿಗಳಿದ್ದರು, ಕೆಲವು ವಕೀಲ ಮಿತ್ರರಿದ್ದರು. ಮಕ್ಕಳು ಅಮೆರಿಕದಲ್ಲಿರುವ ಹಿರಿಯರೂ ಸಾಕಷ್ಟು ಜನ ಇದ್ದರು. ಮಾತಿನ ಧಾಟಿಯನ್ನು ಹೆಚ್ಚು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಕೇಸು ಸೋಲುವುದು ಅಂದರೆ ನಮಗೆಲ್ಲ ಗೊತ್ತು. ಸಾಕ್ಷಿ ಸಾಲಲಿಲ್ಲ, ಕಾಗದ ಸರಿಯಿರಲಿಲ್ಲ, ಕಾನೂನು ನಮ್ಮ ಕಡೆ ಇರಲಿಲ್ಲ. ಇವತ್ತು ನಾನು ಹೇಳಹೊರಟಿರುವುದು ಅಲ್ಲಿಯವರೆಗೂ ಹೋಗದ ಕೇಸುಗಳ ಬಗ್ಗೆ. ವಾದಿಯ ಮಾತು ನಿಜವೋ ಸುಳ್ಳೋ ಅಂತ ಯಾರೂ ನೋಡಲೇ ಇಲ್ಲ. ಎದುರು ಪಕ್ಷ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಕೇಳಿದ ದಾಖಲೆ ಕೊಡಲಿಲ್ಲ ಅಂತ ನ್ಯಾಯಾಧೀಶರು ದಾವೆಯನ್ನೇ ವಜಾ ಮಾಡಿಬಿಟ್ಟರು. ಅಮೆರಿಕದ ಕೋರ್ಟುಗಳಲ್ಲಿ ಇದು ನಡೆಯುತ್ತದೆ. ನಮ್ಮ ಸಿಪಿಸಿಯಲ್ಲೂ, ಅಂದರೆ ಸಿವಿಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ, ಇದಕ್ಕೆ ಜಾಗ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಡಿಸ್ಕವರಿ ಅಂದರೆ ಏನು ಅನ್ನುವುದನ್ನು ಹೇಳಿಬಿಡುತ್ತೇನೆ. ಅಣ್ಣತಮ್ಮಂದಿರು ಪಾಲಿಗೆ ಕೂತಿದ್ದಾರೆ, ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ದೊಡ್ಡವನ ಸೊಂಟದಲ್ಲಿದೆ ಅಂದುಕೊಳ್ಳಿ. ಪೆಟ್ಟಿಗೆ ತೆಗೆಯದೆ ಪಂಚಾಯಿತಿ ಹೇಗೆ ನಡೆಯಬೇಕು? ಡಿಸ್ಕವರಿ ಅಂದರೆ ವಿಚಾರಣೆಗೆ ಮುಂಚೆಯೇ ಎರಡೂ ಕಡೆಯವರು ಪೆಟ್ಟಿಗೆ ತೆಗೆದು ತೋರಿಸುವುದು. ಅಮೆರಿಕದ ಫೆಡರಲ್ ಕೋರ್ಟುಗಳಿಗೆ ಈ ನಿಯಮಗಳು ಬಂದಿದ್ದು 1938ರಲ್ಲಿ. ಲಿಖಿತ ಪ್ರಶ್ನೆ ಕಳಿಸಬಹುದು, ಮೂವತ್ತು ದಿನದಲ್ಲಿ ಪ್ರಮಾಣ ಮಾಡಿ ಉತ್ತರ ಕೊಡಬೇಕು. ದಾಖಲೆ ಕೇಳಬಹುದು. ಎದುರಿನವರನ್ನು ವಕೀಲರ ಕಚೇರಿಗೇ ಕರೆಸಿ, ಪ್ರಮಾಣ ಮಾಡಿಸಿ, ಗಂಟೆಗಟ್ಟಲೆ ಪ್ರಶ್ನೆ ಕೇಳಬಹುದು. ಇದೆಲ್ಲ ವಕೀಲರ ನಡುವೆಯೇ ನಡೆಯುತ್ತದೆ. ಜಗಳ ಬಂದರೆ ಮಾತ್ರ ನ್ಯಾಯಾಧೀಶರ ಹತ್ತಿರ ಹೋಗುತ್ತಾರೆ.

ಇದು ಅಲ್ಲಿ ಯಾಕೆ ಇಷ್ಟು ಮುಖ್ಯ ಗೊತ್ತಾ? ಅಲ್ಲಿನ ಫೆಡರಲ್ ಸಿವಿಲ್ ಕೇಸುಗಳಲ್ಲಿ ನೂರಕ್ಕೆ ಎರಡು ಕೂಡ ವಿಚಾರಣೆಯವರೆಗೆ ಹೋಗುವುದಿಲ್ಲ. ಉಳಿದವೆಲ್ಲ ರಾಜಿಯಾಗುತ್ತವೆ, ಇಲ್ಲವೇ ಮೊದಲೇ ಬಿದ್ದುಹೋಗುತ್ತವೆ. ರಾಜಿಯಲ್ಲಿ ಎಷ್ಟು ಕೊಡಬೇಕು ಅನ್ನುವುದು ಡಿಸ್ಕವರಿಯಲ್ಲಿ ಏನು ಹೊರಬಿತ್ತು ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಅಲ್ಲಿ ನಿಜವಾದ ವಿಚಾರಣೆ ಇದೇ. ಇದರಲ್ಲಿ ಆಟವಾಡುವವರನ್ನು ಬಿಟ್ಟರೆ ಇಡೀ ವ್ಯವಸ್ಥೆಗೆ ಅರ್ಥವೇ ಇರುವುದಿಲ್ಲ.

ಅದಕ್ಕೇ 37ನೇ ನಿಯಮ. ಸಾಮಾನ್ಯವಾಗಿ ಮೊದಲು ಕೋರ್ಟು "ಉತ್ತರ ಕೊಡು" ಅಂತ ಆದೇಶ ಮಾಡುತ್ತದೆ. ಅದನ್ನೂ ಮೀರಿದರೆ ಒಂದೊಂದೇ ಮೆಟ್ಟಿಲು. ಎದುರಿನವರ ಖರ್ಚು ಕಟ್ಟು. ಇಂಥ ವಿಷಯದಲ್ಲಿ ನೀನು ಸೋತೆ ಅಂತ ಇಟ್ಟುಕೊಳ್ಳುತ್ತೇವೆ. ಇಂಥ ಸಾಕ್ಷಿ ಹಾಕುವ ಹಾಗಿಲ್ಲ. ಕಡೆಯ ಮೆಟ್ಟಿಲು: ವಾದಿಯಾಗಿದ್ದರೆ ದಾವೆ ವಜಾ, ಪ್ರತಿವಾದಿಯಾಗಿದ್ದರೆ ಅವನ ವಿರುದ್ಧ ತೀರ್ಪು. ಹೀಗೆ ವಜಾ ಆದ ಮೇಲೆ, ಕೋರ್ಟು ಬೇರೆ ಹೇಳದಿದ್ದರೆ, ಅದೇ ಕೇಸನ್ನು ಮತ್ತೆ ಹಾಕುವ ಹಾಗಿಲ್ಲ. ವಿಚಾರಣೆ ಆಗಿ ಸೋತ ಲೆಕ್ಕವೇ.

ಇಷ್ಟು ದೊಡ್ಡ ಶಿಕ್ಷೆ ಯಾವಾಗ? ಇದಕ್ಕೆ ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟ ಉತ್ತರ ಒಂದು ವಿಚಿತ್ರ ಕೇಸಿನಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಒಂದು ಕಂಪನಿ. ಮೊದಲು ಐ.ಜಿ. ಕೆಮಿ ಅಂತ ಹೆಸರು, ಆಮೇಲೆ ಇಂಟರ್‌ಹಾಂಡೆಲ್ ಅಂತ ಪ್ರಸಿದ್ಧಿ. ಅಮೆರಿಕದಲ್ಲಿ ಬಣ್ಣ ಮತ್ತು ಫಿಲ್ಮ್ ತಯಾರಿಸುವ ಜನರಲ್ ಅನಿಲಿನ್ ಅಂಡ್ ಫಿಲ್ಮ್ ಅನ್ನುವ ದೊಡ್ಡ ಕಂಪನಿಯ ಷೇರುಗಳು ಇವರ ಕೈಯಲ್ಲಿದ್ದವು. ಯುದ್ಧ ಬಂತು. 1942ರಲ್ಲಿ ಅಮೆರಿಕ ಸರ್ಕಾರ ಆ ಷೇರುಗಳನ್ನು ಶತ್ರುವಿನ ಆಸ್ತಿ ಅಂತ ವಶ ಮಾಡಿಕೊಂಡಿತು. ಇವರು ಹೆಸರಿಗೆ ಮಾತ್ರ ಸ್ವಿಸ್, ಹಿಂದೆ ಇರುವುದು ಜರ್ಮನಿಯ ಐ.ಜಿ. ಫಾರ್ಬೆನ್ ಅನ್ನುವುದು ಸರ್ಕಾರದ ವಾದ. ಫಾರ್ಬೆನ್ ಅಂದರೆ ನಾಜಿ ಕಾಲದ ರಾಸಾಯನಿಕ ದೈತ್ಯ. ಆಶ್ವಿಟ್ಜ್ ಪಕ್ಕದಲ್ಲೇ ಕಾರ್ಖಾನೆ ಕಟ್ಟಿದವರು. ಸ್ವಿಸ್ ಕಂಪನಿ ಹೇಳಿದ್ದು ಬೇರೆ. "ಆ ಸಂಬಂಧ 1940ರಲ್ಲೇ ಮುಗಿದಿತ್ತು, ನಾವು ತಟಸ್ಥ ದೇಶದವರು, ನಮ್ಮ ಆಸ್ತಿ ವಾಪಸ್ ಕೊಡಿ" ಅಂತ 1948ರಲ್ಲಿ ವಾಷಿಂಗ್ಟನ್ನಿನಲ್ಲಿ ದಾವೆ ಹಾಕಿತು.

ಸರ್ಕಾರ ಡಿಸ್ಕವರಿ ಕೇಳಿತು. ಬಾಸೆಲ್‌ನ ಸ್ಟುರ್ಟ್ಸೆನೆಗರ್ ಅನ್ನುವ ಖಾಸಗಿ ಬ್ಯಾಂಕಿನ ಲೆಕ್ಕಪತ್ರ ಬೇಕು ಅಂತ. ಕೇಳಿದ್ದು ನ್ಯಾಯವೇ. ಯಾರು ಯಾರ ಮುಖವಾಡ ಅನ್ನುವುದು ಗೊತ್ತಾಗಬೇಕಾದರೆ ಬ್ಯಾಂಕಿನ ಪುಸ್ತಕ ನೋಡಲೇಬೇಕಲ್ವಾ? ಕೋರ್ಟು ಆದೇಶ ಮಾಡಿತು. ಆಗ ಸ್ವಿಸ್ ಸರ್ಕಾರ ಮಧ್ಯೆ ಬಂತು. ಬ್ಯಾಂಕಿನ ಗುಟ್ಟು ಹೊರದೇಶಕ್ಕೆ ಕೊಡುವುದು ಅಲ್ಲಿ ಅಪರಾಧ, ಜೈಲು. 1950ರಲ್ಲಿ ಆ ದಾಖಲೆಗಳನ್ನು ಜಪ್ತಿ ಮಾಡಿದ್ದೇವೆ ಅಂತ ಘೋಷಿಸಿದರು. ತಮಾಷೆ ನೋಡಿ, ಕಾಗದಗಳು ಇದ್ದ ಜಾಗದಲ್ಲೇ, ಬ್ಯಾಂಕಿನಲ್ಲೇ ಇದ್ದವು. ಹೊರಗೆ ಕೊಡುವ ಹಾಗಿಲ್ಲ ಅಷ್ಟೆ.

ಕಂಪನಿ ಸುಮ್ಮನೆ ಕೈಕಟ್ಟಿ ಕೂರಲಿಲ್ಲ. ಸ್ವಿಸ್ ಸರ್ಕಾರದ ಹಿಂದೆ ಬಿದ್ದು, ಒಪ್ಪಿಗೆ ಪಡೆದು, 1,90,000ಕ್ಕೂ ಹೆಚ್ಚು ದಾಖಲೆಗಳನ್ನು ಒಪ್ಪಿಸಿತು. ಇಷ್ಟಾದರೂ ಪೂರ್ತಿ ಆಗಲಿಲ್ಲ. ಕೋರ್ಟು ನೇಮಿಸಿದ ಅಧಿಕಾರಿ ವಿಚಾರಿಸಿ, ಕಂಪನಿಗೂ ಸ್ವಿಸ್ ಸರ್ಕಾರಕ್ಕೂ ಒಳಒಪ್ಪಂದ ಕಾಣುವುದಿಲ್ಲ, ಇವರು ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದ್ದಾರೆ ಅಂತ ವರದಿ ಕೊಟ್ಟರು. ಆದರೂ ಕೆಳ ಕೋರ್ಟು ದಾವೆ ವಜಾ ಮಾಡಿತು. ಕಾರಣ ಏನೇ ಇರಲಿ, ಆದೇಶ ಪಾಲನೆ ಆಗಿಲ್ಲ, ಮುಗಿಯಿತು.

ಈ ನಡುವೆ ಸ್ವಿಟ್ಜರ್ಲೆಂಡ್ ದೇಶವೇ ಸಿಟ್ಟಿಗೆದ್ದು 1957ರ ಅಕ್ಟೋಬರಿನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅದೇ ತಿಂಗಳು ಅಮೆರಿಕದ ಸುಪ್ರೀಂ ಕೋರ್ಟು ಕಂಪನಿಯ ಅಪೀಲನ್ನು ಕೈಗೆತ್ತಿಕೊಳ್ಳಲು ಒಪ್ಪಿತು. 1958ರ ಜೂನ್‌ನಲ್ಲಿ ನ್ಯಾಯಮೂರ್ತಿ ಹಾರ್ಲನ್ ತೀರ್ಪು ಬರೆದರು. ವಜಾ ರದ್ದು. ಸಾರಾಂಶ ಇಷ್ಟು: ಆದೇಶ ಪಾಲಿಸಲಿಲ್ಲ ಅನ್ನುವುದು ನಿಜ. ಆದರೆ ಪಾಲಿಸಲು ಆಗದೆ ಹೋಗಿದ್ದಕ್ಕೂ, ಬೇಕೆಂದೇ ಪಾಲಿಸದೆ ಇದ್ದಿದ್ದಕ್ಕೂ ವ್ಯತ್ಯಾಸ ಇದೆ. ತನ್ನ ದೇಶದಲ್ಲಿ ಜೈಲಿಗೆ ಹೋಗುವ ಭಯ ಇರುವವನು, ತನ್ನ ಕೈಲಾದದ್ದನ್ನೆಲ್ಲ ಮಾಡಿದವನು, ಅವನ ದಾವೆಯನ್ನು ವಿಚಾರಣೆ ಇಲ್ಲದೆ ಎಸೆಯುವುದು ಸಂವಿಧಾನಕ್ಕೆ ಒಗ್ಗುವುದಿಲ್ಲ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. ಇದು ಜನ ಮರೆಯುವ ಭಾಗ. ದಾಖಲೆ ಇಲ್ಲದ್ದರಿಂದ ಆಗುವ ನಷ್ಟವನ್ನು ಕಂಪನಿಯೇ ಹೊರಬೇಕಾಗಬಹುದು, ವಿಚಾರಣೆಯಲ್ಲಿ ನ್ಯಾಯಾಧೀಶರು ಅದರ ವಿರುದ್ಧ ಊಹೆ ಮಾಡಬಹುದು. ಬಾಗಿಲು ತೆರೆದರು, ಆದರೆ ಗೆಲ್ಲಿಸಲಿಲ್ಲ.

ಹೇಗ್‌ನಲ್ಲಿ ಏನಾಯಿತು? 1959ರ ಮಾರ್ಚ್‌ನಲ್ಲಿ ಆ ನ್ಯಾಯಾಲಯ, ಕಂಪನಿಗೆ ಅಮೆರಿಕದ ಕೋರ್ಟಿನಲ್ಲೇ ದಾರಿ ಮತ್ತೆ ತೆರೆದಿದೆಯಲ್ಲ, ಅಲ್ಲಿ ಮುಗಿಸಿಕೊಂಡು ಬನ್ನಿ ಅಂತ ಸ್ವಿಟ್ಜರ್ಲೆಂಡಿನ ಅರ್ಜಿಯನ್ನು ವಾಪಸ್ ಕಳಿಸಿತು. ಒಂದು ಬ್ಯಾಂಕಿನ ಲೆಕ್ಕದ ಪುಸ್ತಕಕ್ಕಾಗಿ ಎರಡು ದೇಶಗಳು ಹೇಗ್‌ವರೆಗೆ ಹೋಗಿ ಬಂದವು! ಕಡೆಗೆ 1963ರಲ್ಲಿ ರಾಜಿಯಾಯಿತು.

ಈ ಕೇಸು ಓದಿದವರಿಗೆ ಸುಪ್ರೀಂ ಕೋರ್ಟು ತುಂಬ ಮೃದು ಅನ್ನಿಸಬಹುದು. ಹದಿನೆಂಟು ವರ್ಷ ಬಿಟ್ಟು ಬಂದ ಹಾಕಿ ಕೇಸು ನೋಡಿ. ನಮ್ಮ ಹಾಕಿ ಅಲ್ಲ, ಐಸ್ ಹಾಕಿ. ನ್ಯಾಷನಲ್ ಹಾಕಿ ಲೀಗ್ ಮೇಲೆ ಮೆಟ್ರೊಪಾಲಿಟನ್ ಹಾಕಿ ಕ್ಲಬ್ ಅನ್ನುವವರು ಏಕಸ್ವಾಮ್ಯದ ಆರೋಪ ಹೊರಿಸಿದ್ದರು. ಲೀಗ್ ಪ್ರಶ್ನೆಗಳನ್ನು ಕಳಿಸಿತು. ಉತ್ತರ ಇಲ್ಲ. ವಾಯಿದೆ ಕೇಳಿದರು, ಕೊಟ್ಟರು. ಮತ್ತೆ ಕೇಳಿದರು, ಮತ್ತೆ ಕೊಟ್ಟರು. ನ್ಯಾಯಾಧೀಶರು ಎಚ್ಚರಿಕೆ ಕೊಟ್ಟರು, ವಕೀಲರು ಮಾತು ಕೊಟ್ಟರು. ಹದಿನೇಳು ತಿಂಗಳಾದರೂ ಮುಖ್ಯವಾದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರಲಿಲ್ಲ. ಫಿಲಡೆಲ್ಫಿಯಾದ ನ್ಯಾಯಾಧೀಶ ಹಿಗಿನ್‌ಬಾಥಮ್ ವಜಾ ಮಾಡಿದರು. ನಡುವಿನ ಕೋರ್ಟು ಕನಿಕರ ತೋರಿಸಿ ಅದನ್ನು ರದ್ದು ಮಾಡಿತು. 1976ರಲ್ಲಿ ಸುಪ್ರೀಂ ಕೋರ್ಟು ವಾದವನ್ನೂ ಕೇಳದೆ, ಚಿಕ್ಕದೊಂದು ತೀರ್ಪಿನಲ್ಲಿ, ವಜಾವನ್ನೇ ಎತ್ತಿಹಿಡಿಯಿತು. ಅವರು ಹೇಳಿದ ಕಾರಣ ನನಗೆ ಒಪ್ಪಿಗೆ. ಈ ಶಿಕ್ಷೆ ಈ ಕ್ಲಬ್ಬಿಗೆ ಮಾತ್ರ ಅಲ್ಲ. ನಾಳೆ ಇನ್ನೊಬ್ಬ ವಕೀಲ "ಇನ್ನೊಂದು ವಾಯಿದೆ ಸಿಗುತ್ತೆ ಬಿಡು" ಅಂದುಕೊಳ್ಳುತ್ತಾನಲ್ಲ, ಅವನಿಗೂ ಇದು ಎಚ್ಚರಿಕೆ. ಇಲ್ಲಿ ಕೂತಿರುವ ವಕೀಲ ಮಿತ್ರರು ನಗುತ್ತಿದ್ದಾರೆ.

ಹಾಗಾದರೆ ಗೆರೆ ಸ್ಪಷ್ಟವಾಗಿದೆ ಅನ್ನಿಸುತ್ತದೆ. ಕೊಡಲಾಗದವನಿಗೆ ಬಾಗಿಲು ತೆರೆದಿದೆ, ಕೊಡಲೊಲ್ಲದವನಿಗೆ ಮುಚ್ಚಿದೆ. ಈ ಯೋಚನೆ ಅಲ್ಲಿ ಹೊಸದೇನೂ ಅಲ್ಲ. 1909ರಲ್ಲೇ ಹ್ಯಾಮಂಡ್ ಪ್ಯಾಕಿಂಗ್ ಅನ್ನುವ ಮಾಂಸದ ಕಂಪನಿಯ ಕೇಸಿನಲ್ಲಿ ಕೋರ್ಟು ಹೇಳಿತ್ತು: ದಾಖಲೆ ಬಚ್ಚಿಡುವವನ ವಾದದಲ್ಲಿ ಹುರುಳಿಲ್ಲ ಅಂತ ಊಹಿಸುವುದು ತಪ್ಪಲ್ಲ. ನಮ್ಮ ಅಜ್ಜಿಯಂದಿರೂ ಇದನ್ನೇ ಹೇಳುತ್ತಿದ್ದರು, ಬೇರೆ ಮಾತಿನಲ್ಲಿ.

ಆದರೆ ಗೆರೆ ಕಲಸಿಹೋಗುವ ಜಾಗ ಒಂದಿದೆ. ಕೊಡದೆ ಇದ್ದಿದ್ದು ಕಕ್ಷಿದಾರ ಅಲ್ಲ, ಅವನ ವಕೀಲ ಆದರೆ?

1962ರಲ್ಲಿ ವಾಬಾಷ್ ರೈಲ್ವೆ ಕಂಪನಿಯ ಮೇಲಿನ ಒಂದು ಕೇಸು ಸುಪ್ರೀಂ ಕೋರ್ಟಿಗೆ ಬಂತು. ಕಾರಿಗೂ ರೈಲಿಗೂ ಅಪಘಾತ, ಗಾಯಾಳು ಪರಿಹಾರ ಕೇಳಿದ್ದ. ಕೇಸು ಆಗಲೇ ಆರು ವರ್ಷ ಹಳೆಯದು. ವಿಚಾರಣೆಗೆ ಮುಂಚಿನ ಒಂದು ಸಭೆಗೆ ಅವನ ವಕೀಲ ಬರಲಿಲ್ಲ. ಬೇರೆ ಊರಿನಲ್ಲಿ ಕೆಲಸದಲ್ಲಿದ್ದೇನೆ ಅಂತ ಫೋನ್ ಮಾಡಿದ್ದ. ನ್ಯಾಯಾಧೀಶರು ಕೇಸನ್ನೇ ವಜಾ ಮಾಡಿದರು. ಇದು ನೇರವಾಗಿ ಡಿಸ್ಕವರಿಯ ಕೇಸಲ್ಲ, ಆದರೆ ಆಮೇಲೆ ಬಂದ ಎಷ್ಟೋ ಡಿಸ್ಕವರಿ ವಜಾಗಳು ಇದರ ಮೇಲೆ ನಿಂತಿವೆ. ಸುಪ್ರೀಂ ಕೋರ್ಟು ಸರಿ ಅಂದಿತು. ಆ ವಕೀಲನನ್ನು ಆರಿಸಿಕೊಂಡವನು ನೀನೇ, ಅವನು ಮಾಡಿದ್ದು ನೀನು ಮಾಡಿದ ಹಾಗೆ. ಬರೆದವರು ಅದೇ ಹಾರ್ಲನ್. ಸ್ವಿಸ್ ಕಂಪನಿಗೆ ಬಾಗಿಲು ತೆರೆದ ಅದೇ ಕೈ. ನ್ಯಾಯಮೂರ್ತಿ ಬ್ಲ್ಯಾಕ್ ಇದನ್ನು ಒಪ್ಪದೆ ಭಿನ್ನ ತೀರ್ಪು ಬರೆದರು.

ಇದರ ಪಕ್ಕದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 1981ರ ರಫೀಕ್ ವರ್ಸಸ್ ಮುನ್ಶಿಲಾಲ್ ತೀರ್ಪನ್ನು ಇಟ್ಟು ನೋಡಿ. ಅಲ್ಲೂ ವಕೀಲರು ಹಾಜರಾಗಲಿಲ್ಲ, ಅಪೀಲು ವಜಾ ಆಯಿತು. ನ್ಯಾಯಮೂರ್ತಿ ಡಿ.ಎ. ದೇಸಾಯಿ ಹೇಳಿದ್ದು: ಹಳ್ಳಿಯವನು ವಕೀಲರನ್ನು ಗೊತ್ತುಮಾಡಿ, ಫೀಸು ಕೊಟ್ಟು, ತನ್ನ ಕೆಲಸ ಮುಗಿಯಿತು ಅಂತ ನೆಮ್ಮದಿಯಿಂದ ಇರುತ್ತಾನೆ. ವಕೀಲ ಕೋರ್ಟಿಗೆ ಹೋದನೋ ಇಲ್ಲವೋ ಅಂತ ಅವನು ಕಾವಲು ಕಾಯಲು ಸಾಧ್ಯವಾ? ವಕೀಲನ ತಪ್ಪಿಗೆ ಅವನನ್ನು ದಂಡಿಸಬಾರದು. ವಜಾ ರದ್ದಾಯಿತು.

ಎರಡರಲ್ಲಿ ಯಾವುದು ಸರಿ? ನನ್ನ ಮನಸ್ಸು ರಫೀಕ್ ಕಡೆಗೇ ವಾಲುತ್ತದೆ. ಆದರೆ ಅದರ ಬೆಲೆಯನ್ನೂ ಹೇಳಬೇಕು. ವಕೀಲರ ಸೋಮಾರಿತನಕ್ಕೆ ಬೆಲೆ ತೆರುವವರು ಯಾರೂ ಇಲ್ಲ ಅಂತಾದರೆ, ಎದುರು ಪಕ್ಷದವನು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾನೆ. ಅವನೂ ಒಬ್ಬ ಕಕ್ಷಿದಾರ ತಾನೇ? ವಜಾ ಮಾಡುವ ಬದಲು ವಕೀಲರ ಜೇಬಿನಿಂದಲೇ ಖರ್ಚು ಕಟ್ಟಿಸುವುದು ಒಳ್ಳೆಯ ದಾರಿ. ಅಮೆರಿಕದ 37ನೇ ನಿಯಮದಲ್ಲಿ ಅದಕ್ಕೂ ಅವಕಾಶ ಇದೆ. ಅಲ್ಲಿನ ಎಷ್ಟೋ ಅಪೀಲು ಕೋರ್ಟುಗಳು ಈಗ ವಜಾಕ್ಕೆ ಮುಂಚೆ ಚಿಕ್ಕ ಶಿಕ್ಷೆ ಸಾಕಾಗುತ್ತಿತ್ತಾ, ತಪ್ಪು ಕಕ್ಷಿದಾರನದ್ದೋ ವಕೀಲನದ್ದೋ, ಎದುರಿನವನಿಗೆ ನಿಜವಾಗಿ ಏನು ನಷ್ಟ ಆಯಿತು ಅಂತೆಲ್ಲ ನೋಡಿ ಅಂತ ಕೆಳ ಕೋರ್ಟುಗಳಿಗೆ ಹೇಳುತ್ತವೆ.

ಇನ್ನೂ ಕಷ್ಟದ್ದು ಸಾಮೂಹಿಕ ಕೇಸುಗಳು. ಫಿನೈಲ್‌ಪ್ರೊಪನಾಲಮೀನ್, ಚಿಕ್ಕದಾಗಿ ಪಿಪಿಎ. ನೆಗಡಿ ಮಾತ್ರೆಯಲ್ಲಿ, ಹಸಿವು ಕಡಿಮೆ ಮಾಡುವ ಮಾತ್ರೆಯಲ್ಲಿ ಇರುತ್ತಿತ್ತು. ನಮ್ಮಲ್ಲೂ ಮಾರುತ್ತಿದ್ದರು. ಮಿದುಳಿನ ರಕ್ತಸ್ರಾವಕ್ಕೆ ಇದು ಕಾರಣ ಆಗಬಹುದು ಅಂತ ಯೇಲ್ ವಿಶ್ವವಿದ್ಯಾಲಯದವರ ಅಧ್ಯಯನ ಹೇಳಿತು. 2000ದ ನವೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಇದನ್ನು ಮಾರಬೇಡಿ ಅಂತ ಕಂಪನಿಗಳನ್ನು ಕೇಳಿತು. ಕೇಸುಗಳ ಮಳೆ ಸುರಿಯಿತು. ದೇಶದ ಮೂಲೆಮೂಲೆಯ ಫೆಡರಲ್ ಕೇಸುಗಳನ್ನೆಲ್ಲ ಸಿಯಾಟಲ್‌ನ ಒಂದೇ ಕೋರ್ಟಿಗೆ ತಂದರು. ಅಲ್ಲಿ ಪ್ರತಿಯೊಬ್ಬ ವಾದಿಯೂ ಒಂದು ದೊಡ್ಡ ಫಾರಂ ತುಂಬಬೇಕಿತ್ತು. ಯಾವ ಮಾತ್ರೆ, ಯಾವಾಗ ನುಂಗಿದೆ, ಯಾವ ಡಾಕ್ಟರು, ಯಾವ ಆಸ್ಪತ್ರೆ. ಜೊತೆಗೆ ಆಸ್ಪತ್ರೆ ದಾಖಲೆ ತೆಗೆಯಲು ಒಪ್ಪಿಗೆ ಪತ್ರ.

ಹಲವರು ಫಾರಂ ಕೊಡಲಿಲ್ಲ. ಕೆಲವರು ಅರ್ಧ ತುಂಬಿ ಕೊಟ್ಟರು. ಎಚ್ಚರಿಕೆ ಕೊಟ್ಟ ಮೇಲೆ ಆ ಕೇಸುಗಳು ವಜಾ ಆದವು. 2006ರಲ್ಲಿ ಅಪೀಲು ಕೋರ್ಟು ಅವುಗಳಲ್ಲಿ ಬಹುಪಾಲನ್ನು ಎತ್ತಿಹಿಡಿಯಿತು. ಸಾವಿರಾರು ಕೇಸು ಒಬ್ಬ ನ್ಯಾಯಾಧೀಶರ ಮೇಜಿನ ಮೇಲಿರುವಾಗ ವೇಳಾಪಟ್ಟಿ ಪಾಲಿಸದಿದ್ದರೆ ಯಾವುದೂ ಮುಂದೆ ಹೋಗುವುದಿಲ್ಲ ಅಂತ.

ಇದು ತಪ್ಪು ಅಂತ ಹೇಳುವುದು ಕಷ್ಟ. ಜಾಹೀರಾತು ನೋಡಿ ಸುಮ್ನೆ ಹೆಸರು ಬರೆಸಿದವರು ಇಂಥ ಕೇಸುಗಳಲ್ಲಿ ಇರುತ್ತಾರೆ. ಆ ಮಾತ್ರೆ ನುಂಗಿಯೇ ಇಲ್ಲದವರೂ ಇರುತ್ತಾರೆ. ಫಾರಂ ಅವರನ್ನು ಜರಡಿ ಹಿಡಿಯುತ್ತದೆ. ಆದರೆ ಮಿದುಳಿಗೆ ಪೆಟ್ಟು ಬಿದ್ದವರಿಗೆ ಹತ್ತಾರು ಪುಟದ ಫಾರಂ ತುಂಬಲು ಹೇಳುತ್ತಿದ್ದೇವೆ ಅನ್ನುವುದನ್ನೂ ನೆನಪಿಡಿ. ಸ್ವಿಸ್ ಕಂಪನಿಗೆ ತನ್ನ ಕೈಲಾಗದ್ದನ್ನು ಹೇಳಿಕೊಳ್ಳಲು ದೊಡ್ಡ ದೊಡ್ಡ ವಕೀಲರಿದ್ದರು, ಒಂದು ದೇಶವೇ ಬೆನ್ನಿಗಿತ್ತು. ಇಲ್ಲಿನವರ "ಆಗಲಿಲ್ಲ" ಅನ್ನುವುದು ಕೋರ್ಟಿನ ಕಡತದಲ್ಲಿ "ಕೊಡಲಿಲ್ಲ" ಅಂತಲೇ ದಾಖಲಾಗುತ್ತದೆ. ಈ ಇಡೀ ಕಾನೂನಿನಲ್ಲಿ ನನಗೆ ಸಮಾಧಾನ ಇಲ್ಲದ ಜಾಗ ಇದೇ. ಆಗಲಿಲ್ಲ ಅನ್ನುವುದನ್ನು ತೋರಿಸುವುದಕ್ಕೂ ದುಡ್ಡು ಬೇಕು, ವಕೀಲ ಬೇಕು, ಸಮಯ ಬೇಕು.

ಈಗ ನಮ್ಮ ಮನೆಗೆ ಬರೋಣ. 1908ರ ಸಿಪಿಸಿ, ಆರ್ಡರ್ 11, ರೂಲ್ 21. ಪ್ರಶ್ನಾವಳಿಗೆ ಉತ್ತರ ಕೊಡು, ದಾಖಲೆ ತೋರಿಸು ಅಂತ ಕೋರ್ಟು ಆದೇಶ ಮಾಡಿದ ಮೇಲೂ ವಾದಿ ಮಾಡದಿದ್ದರೆ ದಾವೆ ವಜಾ. ಪ್ರತಿವಾದಿ ಮಾಡದಿದ್ದರೆ ಅವನ ಪ್ರತಿವಾದವನ್ನು ಹೊಡೆದುಹಾಕಬಹುದು. 1976ರ ತಿದ್ದುಪಡಿ ಎರಡು ವಿಷಯ ಸೇರಿಸಿತು. ವಜಾ ಮಾಡುವ ಮುಂಚೆ ನೋಟಿಸು ಕೊಟ್ಟು ಕೇಳಬೇಕು. ವಜಾ ಆದರೆ ಅದೇ ಕಾರಣಕ್ಕೆ ಹೊಸ ದಾವೆ ಹಾಕುವ ಹಾಗಿಲ್ಲ. ಅಪೀಲಿಗೆ ಮಾತ್ರ ಅವಕಾಶ ಉಂಟು. ಅಂದರೆ ಕಾಗದದ ಮೇಲೆ ನಮ್ಮ ನಿಯಮ ಅವರದ್ದಕ್ಕಿಂತ ಮೆತ್ತಗಿಲ್ಲ.

1978ರ ಬಬ್ಬರ್ ಸ್ಯೂಯಿಂಗ್ ಮಷೀನ್ ಕಂಪನಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಕಡಿವಾಣ ಹಾಕಿತು. ಇದು ಕಡೆಯ ಅಸ್ತ್ರ, ಹಠದಿಂದ, ಬೇಕೆಂದೇ ಆದೇಶ ಮೀರಿದವನ ಮೇಲೆ ಮಾತ್ರ ಬಳಸಬೇಕು ಅಂತ. ಪ್ರತಿವಾದ ಹೊಡೆದುಹಾಕಿದರೂ ಅವನು ವಾದಿಯ ಸಾಕ್ಷಿಗಳಿಗೆ ಪಾಟೀಸವಾಲು ಮಾಡಬಹುದು ಅಂತಲೂ ಹೇಳಿತು. ಹಾರ್ಲನ್ ಎಳೆದ ಗೆರೆಯೇ ಇದು.

ಆದರೆ ನಮ್ಮ ಕೋರ್ಟುಗಳಲ್ಲಿ ರೂಲ್ 21 ಎಷ್ಟು ಸಲ ಕಾಣಿಸುತ್ತದೆ? ವಿದ್ಯಾರ್ಥಿಗಳು ಪರೀಕ್ಷೆಗೆ ಓದುತ್ತಾರೆ, ಅಷ್ಟೆ. ಅಮೆರಿಕದಲ್ಲಿ ವಕೀಲ ನೇರವಾಗಿ ಪ್ರಶ್ನೆ ಕಳಿಸುತ್ತಾನೆ. ನಮ್ಮಲ್ಲಿ ಪ್ರಶ್ನಾವಳಿ ಕಳಿಸಲು ಕೋರ್ಟಿನ ಅನುಮತಿ ಬೇಕು. ಅದಕ್ಕೊಂದು ಐಎ, ಅಂದರೆ ಮಧ್ಯಂತರ ಅರ್ಜಿ, ಅದಕ್ಕೆ ಆಕ್ಷೇಪಣೆ, ಅದರ ಮೇಲೆ ವಾದ, ಆಮೇಲೆ ಆದೇಶ. ಅಷ್ಟರಲ್ಲಿ ಅಸಲು ಕೇಸೇ ನಿಂತಿರುತ್ತದೆ. ಕೇಸು ಬೇಗ ಮುಗಿಸಲಿ ಅಂತ ಇರುವ ಸಾಧನ ಕೇಸು ಎಳೆಯುವ ಸಾಧನ ಆಗಿಬಿಡುತ್ತದೆ. ಹಾಗಾಗಿ ಅನುಭವಸ್ಥ ವಕೀಲರು ಅದರ ಗೋಜಿಗೇ ಹೋಗುವುದಿಲ್ಲ. ಪಾಟೀಸವಾಲಿನಲ್ಲಿ ನೋಡಿಕೊಳ್ಳೋಣ ಅನ್ನುತ್ತಾರೆ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ಆ ಕೋರ್ಟುಗಳಲ್ಲಿ ಸ್ವಲ್ಪ ಬದಲಾಗಿದೆ. ಕೇಸಿಗೆ ಸಂಬಂಧಪಟ್ಟ, ತನ್ನ ಹತ್ತಿರ ಇರುವ ಎಲ್ಲ ದಾಖಲೆಗಳ ಪಟ್ಟಿಯನ್ನು ದಾವೆಯ ಜೊತೆಗೇ ಕೊಡಬೇಕು. ತನಗೆ ವಿರುದ್ಧವಾಗಿರುವುದೂ ಅದರಲ್ಲಿರಬೇಕು. ಬೇರೇನೂ ಇಲ್ಲ ಅಂತ ಪ್ರಮಾಣ ಮಾಡಬೇಕು.

ಬಚ್ಚಿಟ್ಟವರಿಗೆ ನಮ್ಮಲ್ಲಿ ಶಿಕ್ಷೆಯೇ ಇಲ್ಲ ಅಂತಲ್ಲ. 1993ರಲ್ಲಿ ತೀರ್ಪಾದ ಚೆಂಗಲ್ವರಾಯ ನಾಯ್ಡು ಕೇಸನ್ನು ವಕೀಲರು ದಿನಾ ಹೇಳುತ್ತಿರುತ್ತಾರೆ. ಸಾಹುಕಾರನೊಬ್ಬನ ಗುಮಾಸ್ತ ಕೋರ್ಟು ಹರಾಜಿನಲ್ಲಿ ಆಸ್ತಿ ಕೊಂಡ, ಆಮೇಲೆ ತನ್ನ ಹಕ್ಕು ಬಿಟ್ಟುಕೊಟ್ಟು ಸಾಹುಕಾರನಿಗೇ ಬಿಡುಗಡೆ ಪತ್ರ ಬರೆದುಕೊಟ್ಟ. ಆ ಪತ್ರದ ಸುದ್ದಿಯನ್ನೇ ಎತ್ತದೆ ಪಾಲಿಗೆ ದಾವೆ ಹಾಕಿ ಡಿಕ್ರಿ ತಂದ. ಸುಪ್ರೀಂ ಕೋರ್ಟು ಇದು ಕೋರ್ಟಿಗೇ ಮಾಡಿದ ಮೋಸ ಅಂತ ಡಿಕ್ರಿಯನ್ನು ಕಿತ್ತುಹಾಕಿತು. ಆದರೆ ಅದಕ್ಕಾಗಿ ಕೇಸು ದೆಹಲಿಯವರೆಗೆ ಹೋಗಬೇಕಾಯಿತು. ಕೆಳ ಕೋರ್ಟಿನಲ್ಲೇ, ಮೊದಲ ವರ್ಷದಲ್ಲೇ, ನಿನ್ನ ಹತ್ತಿರ ಇರುವ ಕಾಗದವನ್ನೆಲ್ಲ ತೋರಿಸು ಅಂತ ಗಟ್ಟಿಯಾಗಿ ಕೇಳಿದ್ದಿದ್ದರೆ? ಮೇಲಿನ ಕೋರ್ಟುಗಳು ರೂಲ್ 21ರ ಬಗ್ಗೆ ಹುಷಾರು ಅಂದಿದ್ದು ಸರಿ. ಆದರೆ ಹುಷಾರು ಅಂದಿದ್ದನ್ನು ನಾವು ಮುಟ್ಟಲೇಬೇಡಿ ಅಂತ ಕೇಳಿಸಿಕೊಂಡೆವು.

(ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸಿದ್ದೇನೆ. ಹಿರಿಯರೊಬ್ಬರು ಕೇಳಿದ್ದು: "ಸಾರ್, ನಮ್ಮ ಹುಡುಗ ಅಲ್ಲಿ ಕಂಪನಿ ಮೇಲೆ ಕೇಸು ಹಾಕಬೇಕು ಅಂತಿದ್ದಾನೆ. ಅವರ ಲ್ಯಾಪ್‌ಟಾಪ್ ಇವನ ಹತ್ತಿರಾನೇ ಇದೆ. ಸ್ವಂತದ ಫೋಟೊ, ಪತ್ರ ಎಲ್ಲ ಅದರಲ್ಲಿವೆ. ಅಳಿಸಿ ವಾಪಸ್ ಕೊಡಬಹುದಾ?")

ಬೇಡ ಯಜಮಾನರೇ, ದಯವಿಟ್ಟು ಬೇಡ. ಸರಿಯಾಗಿ ಇದೇ ಆದ ಕೇಸಿದೆ. ಸಿಯಾಟಲ್ ಕಡೆಯ ಉದ್ಯೋಗಿಯೊಬ್ಬರಿಗೂ ಐಡಿಎಕ್ಸ್ ಸಿಸ್ಟಮ್ಸ್ ಕಂಪನಿಗೂ ವ್ಯಾಜ್ಯ. ಲ್ಯಾಪ್‌ಟಾಪ್ ಕಂಪನಿಯದ್ದು. ಅವರು 2,200ಕ್ಕೂ ಹೆಚ್ಚು ಫೈಲು ಅಳಿಸಿ, ಮತ್ತೆ ಸಿಗದ ಹಾಗೆ ಒರೆಸುವ ಪ್ರೋಗ್ರಾಮನ್ನೂ ಓಡಿಸಿ ಆಮೇಲೆ ಕೊಟ್ಟರು. ಖಾಸಗಿ ವಿಷಯ ಇತ್ತು ಅನ್ನುವುದು ಅವರ ಸಮಜಾಯಿಷಿ. ಅಳಿಸಿದ್ದರಲ್ಲಿ ಏನಿತ್ತು ಅಂತ ಈಗ ಯಾರಿಗೂ ಗೊತ್ತಾಗುವ ಹಾಗಿಲ್ಲವಲ್ಲ! ಕೋರ್ಟು ಅವರ ದಾವೆಗಳನ್ನು ವಜಾ ಮಾಡಿ 65,000 ಡಾಲರ್ ದಂಡವನ್ನೂ ಹಾಕಿತು. 2006ರಲ್ಲಿ ಅಪೀಲಿನಲ್ಲೂ ಅದೇ ನಿಂತಿತು. 2015ರಲ್ಲಿ ಅಲ್ಲಿ ನಿಯಮ ಬದಲಾಗಿದೆ. ಈಗ ಇಂಥ ಕಾರಣಕ್ಕೆ ವಜಾ ಮಾಡಬೇಕಾದರೆ, ಎದುರಿನವರಿಗೆ ಸಿಗದಿರಲಿ ಅನ್ನುವ ಉದ್ದೇಶದಿಂದಲೇ ಅಳಿಸಿದ್ದು ಅಂತ ಕಾಣಬೇಕು. ಫೋನ್ ಕಳೆದುಹೋಯಿತು, ಹಾರ್ಡ್ ಡಿಸ್ಕ್ ಕೆಟ್ಟಿತು ಅಂದರೆ ಕೇಸು ಬೀಳುವುದಿಲ್ಲ. ಆದರೆ ಕೇಸು ಹಾಕಬೇಕು ಅಂತ ಯೋಚಿಸುತ್ತಿರುವಾಗಲೇ ಕೂತು ಅಳಿಸಿದರೆ ಅದಕ್ಕೆ ಬೇರೆ ಅರ್ಥ ಕೊಡುವುದು ಕಷ್ಟ. ಲ್ಯಾಪ್‌ಟಾಪನ್ನು ಹಾಗೇ ಮುಚ್ಚಿಡಲಿ, ವಾಟ್ಸಾಪಿನಲ್ಲಿ ಮೆಸೇಜು ತಾನಾಗಿ ಅಳಿಸಿಹೋಗುವ ವ್ಯವಸ್ಥೆ ಇಟ್ಟುಕೊಂಡಿದ್ದರೆ ಅದನ್ನು ಇವತ್ತೇ ನಿಲ್ಲಿಸಲಿ. ಖಾಸಗಿ ಫೋಟೊ ವಿಷಯವನ್ನು ಅಲ್ಲಿನ ವಕೀಲರಿಗೆ ಮೊದಲೇ ಹೇಳಲಿ. ಅದಕ್ಕೆ ರಕ್ಷಣೆ ಕೇಳುವ ಅರ್ಜಿ ಬೇರೆಯೇ ಇದೆ.